ಗಂಟಕ್ಕ ಎದ್ದು ಹೋಗದ ದಿನ

ರಜೆ ಶುರುವಾಗಿ ಮೂರನೆಯ ದಿನ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕಾಯುವ ಕೋಣೆಯಲ್ಲಿ ಗಂಟಕ್ಕನಿಗೆ ತೂಕಡಿಕೆ ಬಂತು. ಬೆಳಗ್ಗೆಯಿಂದ ಬರಿಹೊಟ್ಟೆ, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು, ಕೈಯಲ್ಲಿ ಹದಿನೇಳನೇ ನಂಬರಿನ ಚೀಟಿ. ಪಕ್ಕದಲ್ಲಿ ಕುಡಿಯುವ ನೀರಿನ ಸ್ಟೀಲ್ ಡ್ರಮ್ಮು, ಅದರ ನಲ್ಲಿಗೆ ಸರಪಳಿ ಹಾಕಿ ಬಿಗಿದ ಲೋಟ. ಎದುರಿನ ಗೋಡೆ ಗಡಿಯಾರ ಹನ್ನೊಂದು ಹತ್ತು ತೋರಿಸಿದ್ದೇ ತಡ, ಗಂಟಕ್ಕ ಅರೆಗಣ್ಣಿನಲ್ಲೇ ಎದ್ದಳು, ಲೋಟ ಹಿಡಿದಳು, ಡ್ರಮ್ಮಿನ ಹೊಟ್ಟೆಗೆ ಬಿಡದೆ ಹನ್ನೆರಡು ಏಟು ಬಿಗಿದಳು.

ಕೋಣೆಯಲ್ಲಿದ್ದ ಹದಿನಾರು ಜನವೂ ಎದ್ದು ನಿಂತರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಕಾಲುಗಳಿಗೆ ಗೊತ್ತಿತ್ತು. ಒಬ್ಬ ಅಜ್ಜ ಯಾರನ್ನೂ ಕೇಳದೆ ನೆಟ್ಟಗೆ ಶೌಚಾಲಯದ ಕಡೆ ನಡೆದ. ಒಳಗೆ ಯಾರದೋ ತೋಳಿನಲ್ಲಿ ನರ ಹುಡುಕುತ್ತಿದ್ದ ಸೂಜಿ ಇನ್ನೇನನ್ನೋ ಹುಡುಕಿಕೊಂಡಿತೆಂದು ಕಾಣುತ್ತದೆ, "ಅಯ್ಯಯ್ಯಪ್ಪಾ" ಎಂಬ ಕೂಗು ಕೇಳಿತು. ನರ ತಪ್ಪಿದ ನರ್ಸು ಪರದೆ ಸರಿಸಿ ಹೊರಗೆ ಬಂದಳು.

"ಯಾರ್ರೀ ಅದು ಹೊಡೆದಿದ್ದು?"

"ಇಂಟರ್ವೆಲ್ಲು," ಅಂದಳು ಗಂಟಕ್ಕ. ಆಮೇಲೆ ಕಣ್ಣು ಬಿಟ್ಟಳು.

ಬೇರೆಯವರಾಗಿದ್ದರೆ ನಾಚಿಕೆಯಿಂದ ನೆಲ ನೋಡುತ್ತಿದ್ದರು. ಗಂಟಕ್ಕನಿಗೆ ನಾಚಿಕೆ ಕಡಿಮೆ. ನಾಚಿಕೆ ಆಗಬೇಕಾದ ಕಡೆಯೆಲ್ಲ ಅವಳಿಗೆ ಸಿಟ್ಟೇ ಬರುತ್ತದೆ. ಗಡಿಯಾರವನ್ನು ದುರುಗುಟ್ಟಿ ನೋಡಿದಳು, ಲೋಟವನ್ನು ಸರಪಳಿಯ ಸಮೇತ ಡ್ರಮ್ಮಿನ ಮೇಲೆ ಕುಕ್ಕಿದಳು, ರಕ್ತ ಕೊಡದೆ ಮನೆಗೆ ಬಂದುಬಿಟ್ಟಳು. ಅಷ್ಟು ಕುದಿಯುತ್ತಿದ್ದ ರಕ್ತವನ್ನು ಪರೀಕ್ಷೆ ಮಾಡಿದ್ದರೂ ಯಂತ್ರ ಕೆಡುತ್ತಿತ್ತು.

ಅವಳು ಶಾಲೆಯೊಂದರಲ್ಲಿ ಆಯಾ. ಬೀಗ ತೆಗೆಯುವುದು, ನೀರು ತುಂಬುವುದು, ಹಾಜರಿ ಪುಸ್ತಕ ಹೊತ್ತು ತಿರುಗುವುದು, ಎಲ್ಲಕ್ಕಿಂತ ಮುಖ್ಯವಾಗಿ ಗಂಟೆ ಹೊಡೆಯುವುದು. ಇಪ್ಪತ್ತೆರಡು ವರ್ಷ. ನಡುವೆ ಒಮ್ಮೆ ಕರೆಂಟಿನ ಗಂಟೆ ತಂದು ಕೂರಿಸಿದ್ದರು. ಅದು ಪರೀಕ್ಷೆಯ ದಿನ ಕಿರುಚಲು ಶುರು ಮಾಡಿ ಫ್ಯೂಸ್ ಕೀಳುವವರೆಗೂ ನಿಲ್ಲಿಸಲಿಲ್ಲ. ಅಲ್ಲಿಂದೀಚೆಗೆ ಮತ್ತೆ ವರಾಂಡದ ಕಬ್ಬಿಣದ ತಟ್ಟೆ, ಗಂಟಕ್ಕನ ಸುತ್ತಿಗೆ. ಗಂಟೆ ಹೊಡೆಯುವುದರಿಂದ ಗಂಟಕ್ಕ ಎಂದು ಮಕ್ಕಳ ವಾದ. ಮುಖ ಸದಾ ಗಂಟಿಕ್ಕಿಕೊಂಡಿರುವುದರಿಂದ ಎಂದು ಶಿಕ್ಷಕರ ವಾದ. ಎರಡೂ ಸರಿಯೇ.

ಇಪ್ಪತ್ತೆರಡು ವರ್ಷ ನಲವತ್ತು ನಿಮಿಷಕ್ಕೊಮ್ಮೆ ಎದ್ದರೆ ಮನುಷ್ಯರ ಕಾಲು ಅವರ ಮಾತು ಕೇಳುವುದಿಲ್ಲ. ಗಂಟಕ್ಕ ಯಾವ ಸಿನಿಮಾದಲ್ಲೂ ನಾಯಕಿಗೆ ಕಷ್ಟ ಬರುವುದನ್ನು ನೋಡಿದವಳಲ್ಲ. ಅಷ್ಟು ಹೊತ್ತಿಗೆ ಇವಳು ಎದ್ದು ಹೊರಗೆ ಬಂದಿರುತ್ತಿದ್ದಳು. ಯಾರ ಮನೆಗೆ ಹೋದರೂ ನಲವತ್ತನೇ ನಿಮಿಷಕ್ಕೆ ಚಪ್ಪಲಿ ಮೆಟ್ಟುತ್ತಿದ್ದಳು. ಗಂಡನಿಗೆ ಇದೇನೂ ತೊಂದರೆ ಅನ್ನಿಸಿರಲಿಲ್ಲ. ಆತ ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ಗುಂಡಿ ಒತ್ತುವವನು, ಜೀವನದ ಏಳುಬೀಳುಗಳನ್ನು ದಿನಕ್ಕೆ ನೂರೆಂಟು ಸಲ ಕಂಡವನು. "ನಂದು ಆರು ಮಹಡಿ, ನಿಂದು ನಲವತ್ತು ನಿಮಿಷ. ಯಾರಾದ್ರೂ ಒಂದ್ಕಡೆ ನಿಲ್ತಾರಾ?" ಎನ್ನುತ್ತಿದ್ದ.

ಆದರೆ ಈ ಸಲ ಗಂಟಕ್ಕನಿಗೆ ಒಂದು ಕಡೆ ನಿಲ್ಲಲೇಬೇಕಿತ್ತು. ಇಲ್ಲ, ಕೂರಲೇಬೇಕಿತ್ತು. ಲ್ಯಾಬಿನಲ್ಲಿ ಕಾಲು ಕೈಕೊಟ್ಟಿದ್ದಕ್ಕೆ ಅಷ್ಟು ಸಿಟ್ಟು ಬಂದಿದ್ದು ಅದಕ್ಕೇ.

ರಜೆಗೆ ಮುಂಚಿನ ಕೊನೆಯ ದಿನ ಹೊಸ ಹೆಡ್‌ಮಿಸ್ಸು ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆದಿದ್ದರು. ಎಲ್ಲೋ ಮೂರು ದಿನ ತರಬೇತಿ ಮುಗಿಸಿ ಬಂದಿದ್ದ ಅವರ ಮುಖದಲ್ಲಿ ಹೊಸ ಬಲ್ಬಿನ ಕಳೆ ಇತ್ತು. ಕೈಯಲ್ಲಿ ಹಳದಿ ಕಾರ್ಡುಗಳ ಕಟ್ಟು.

"ಗುರಿ ಇಲ್ಲದ ರಜಾ, ರಜಾ ಅಲ್ಲ, ಸಜಾ!" ಅಂದರು ಹೆಡ್‌ಮಿಸ್ಸು, ನಗುವಿಗಾಗಿ ಸ್ವಲ್ಪ ಕಾದರು. ಡ್ರಾಯಿಂಗ್ ಮೇಷ್ಟ್ರು ಕರ್ತವ್ಯಪ್ರಜ್ಞೆಯಿಂದ ನಕ್ಕರು. "ಮಕ್ಕಳಿಗೆ ಮಾತ್ರ ಅಲ್ಲ, ನಮಗೂ. ಆಫೀಸಿನವರು, ಆಯಾಗಳು, ಎಲ್ಲರೂ ಒಂದೊಂದು ಗುರಿ ಬರೀಬೇಕು. ಶಾಲೆ ಶುರುವಾದ ದಿನ ಸ್ಟೇಜಿನ ಮೇಲೆ ನಿಂತು ಏನು ಸಾಧಿಸಿದ್ವಿ ಅಂತ ಹೇಳ್ಬೇಕು."

ಕಾರ್ಡಿನಲ್ಲಿ ಮೂರು ಪ್ರಶ್ನೆ ಅಚ್ಚಾಗಿತ್ತು. ಈ ರಜೆಯಲ್ಲಿ ನನ್ನ ಗುರಿ ಏನು? ಅದಕ್ಕಾಗಿ ನಾನು ಏನು ಮಾಡುತ್ತೇನೆ? ಅದು ಈಡೇರಿತೆಂದು ನನಗೆ ಹೇಗೆ ತಿಳಿಯುತ್ತದೆ? ಡ್ರಾಯಿಂಗ್ ಮೇಷ್ಟ್ರು ಐವತ್ತು ಚಿತ್ರ ಎಂದು ಬರೆದರು. ಆಫೀಸಿನ ಗುಮಾಸ್ತ ಐದು ಕಿಲೋ ಇಳಿಸುವುದು ಎಂದು ಬರೆದು, ಯೋಚಿಸಿ, ಐದನ್ನು ಹೊಡೆದು ಎರಡು ಮಾಡಿದ. ಗಂಟಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದಳು.

ಅಣ್ಣನ ಜೊತೆ ಜಗಳ ಮುಗಿಸುವುದು.
ಎದ್ದು ಹೋಗದೆ ಕೂರುವುದು.
ಅವನು ಬಾಯಿಬಿಟ್ಟು ಹೇಳಿದಾಗ.

ಹೆಡ್‌ಮಿಸ್ಸು ಓದಿದರು. ಬಲ್ಬಿನ ಕಳೆ ಒಂದು ಚಣ ಮಿಣುಕಿತು.

"ಇದೇನಿದು? ಜಗಳಾನಾ?"

"ಹೌದು ಮಿಸ್."

"ಗುರಿ ಅಂದ್ರೆ ಒಳ್ಳೇದಿರ್ಬೇಕಲ್ವಾ?"

"ಒಳ್ಳೇ ಜಗಳಾನೇ ಮಿಸ್."

"ಇದು ನೆಗೆಟಿವ್ ಆಯ್ತು. ಸ್ವಲ್ಪ ಪಾಸಿಟಿವ್ ಆಗಿ ಯೋಚನೆ ಮಾಡಿ." ಇನ್ನೊಂದು ಕಾರ್ಡು ಕೊಟ್ಟರು. ಗಂಟಕ್ಕ ಯೋಚಿಸಿದಳು. ಅದನ್ನೇ ಬರೆದಳು, ಈ ಸಲ ಇನ್ನೂ ಒತ್ತಿ. ಹೆಡ್‌ಮಿಸ್ಸು ನಿಟ್ಟುಸಿರು ಬಿಟ್ಟು ಮೂರನೇ ಕಾರ್ಡು ತೆಗೆದರು. "ಕೊಡಿ ಇಲ್ಲಿ, ನಾನೇ ಬರೆದುಕೊಡ್ತೀನಿ," ಎಂದು ಚೆಂದದ ದುಂಡಕ್ಷರದಲ್ಲಿ ಬರೆದೂಬಿಟ್ಟರು: ಕುಟುಂಬದ ಹಿರಿಯರೊಂದಿಗೆ ಬಾಂಧವ್ಯ ವೃದ್ಧಿಸಿಕೊಳ್ಳುವುದು.

ನಾನೇ ಬರೆದುಕೊಡ್ತೀನಿ. ಗಂಟಕ್ಕನ ಕಿವಿಯ ತುದಿ ಕಾದ ಕಾವಲಿಯಾಯಿತು. ಆ ಮಾತನ್ನು ಅವಳು ಮೊದಲು ಕೇಳಿದ್ದು ನಲವತ್ತೊಂದು ವರ್ಷದ ಹಿಂದೆ. ಆವತ್ತೂ ಅದು ಅವಳದೇ ಕಾಗದ, ಬರೆದ ಕೈ ಇನ್ನೊಬ್ಬರದು.

ಆಗ ಅವಳಿಗೆ ಹನ್ನೆರಡು. ಆರನೇ ಕ್ಲಾಸು ಪಾಸಾಗಿ ರಜೆ ಬಂದಿತ್ತು. ಆ ರಜೆಯಲ್ಲಿ ಅವಳಿಗೊಂದು ಗುರಿಯೂ ಇತ್ತು, ಯಾರೂ ಹಳದಿ ಕಾರ್ಡು ಕೊಟ್ಟಿರಲಿಲ್ಲ ಅಷ್ಟೆ: ಏಳನೇ ಕ್ಲಾಸಿನ ಲೆಕ್ಕದ ಪುಸ್ತಕವನ್ನು ಶಾಲೆ ತೆರೆಯುವುದರೊಳಗೆ ಮುಗಿಸಿ, ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆಯುವ ಮೊದಲೇ ಉತ್ತರ ಹೇಳುವುದು. ಅರ್ಧ ಪುಸ್ತಕವಾಗಿತ್ತು. ಅಷ್ಟರಲ್ಲಿ ಅಮ್ಮ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಳು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪನಿಗೆ ಓದುಬರಹ ಬಾರದು. ಒಂಬತ್ತನೇ ಕ್ಲಾಸಿಗೆ ಹೋಗಲಿದ್ದ ಅಣ್ಣನನ್ನು ಕರೆದು, "ಶಾಲೆ ತೆರೆದ್ಮೇಲೆ ಇವಳಿಗೆ ಇನ್ನೂ ಹದಿನೈದು ದಿನ ರಜಾ ಬೇಕು ಅಂತ ಮೇಷ್ಟ್ರಿಗೊಂದು ಕಾಗದ ಬರಿ," ಅಂದ.

"ನಾನು ಬರೀತೀನಪ್ಪ, ನನ್ನ ಕಾಗದ," ಅಂದಿದ್ದಳು ಅವಳು.

"ನಿಂಗೇನು ಗೊತ್ತಾಗತ್ತೆ? ನಾನೇ ಬರೆದುಕೊಡ್ತೀನಿ," ಅಂದಿದ್ದ ಅಣ್ಣ.

ಹದಿನೈದು ದಿನ ಕಳೆದು ಚೀಲ ಹೆಗಲಿಗೇರಿಸಿಕೊಂಡು ಹೋದರೆ, ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. "ನಿಮ್ಮನೆಯವರೇ ಕೇಳಿ ಬಿಡಿಸ್ಕೊಂಡು ಹೋದ್ರಲ್ಲಮ್ಮ," ಅಂದರು ಮೇಷ್ಟ್ರು. ಮನೆಗೆ ಓಡಿ ಬಂದು ಕೇಳಿದರೆ ಅಪ್ಪನ ಕಣ್ಣು ಅಣ್ಣನ ಕಡೆ ತಿರುಗಿತು. ಅಣ್ಣ ಮುಖ ಆ ಕಡೆ ಮಾಡಿ, "ಅವಳಿಗೇ ಇಷ್ಟ ಇರ್ಲಿಲ್ಲಪ್ಪ, ನಂಗೆ ಹೇಳಿದ್ಳು," ಅಂದ. ಅಷ್ಟೆ. ಅಮ್ಮನ ಕಾಲು ಕೂಡಿಕೊಂಡಿತು, ಶಾಲೆ ಕೂಡಿಕೊಳ್ಳಲಿಲ್ಲ. ಹದಿನೈದು ದಿನದ ರಜೆ ನಲವತ್ತೊಂದು ವರ್ಷ ನಡೆಯಿತು.

ಓದು ತಲೆಗೆ ಹತ್ತಲಿಲ್ಲ, ತಾನೇ ಬಿಟ್ಟಳು. ಈ ಮಾತು ಮನೆಯಲ್ಲಿ ಬೇರೂರಿಬಿಟ್ಟಿತು. ನೋಡಲು ಬಂದ ಗಂಡಿನ ಮುಂದೆ ಹೇಳಿದರು. ಗಂಡನ ಮನೆಯಲ್ಲಿ ಹೇಳಿದರು. ಅವಳ ಮಗಳು ಲೆಕ್ಕದಲ್ಲಿ ಕಡಿಮೆ ಅಂಕ ತಂದಾಗ, "ಅಮ್ಮನ ತಲೆ ಬಂದಿದೆ," ಎಂದು ಸೋದರಮಾವನೇ ನಕ್ಕು ಹೇಳಿದ. ಆವತ್ತು ಗಂಟಕ್ಕ ಕೈಯಲ್ಲಿದ್ದ ಸೌಟನ್ನು ಬಗ್ಗಿಸಿದ್ದಳು. ಅದು ಇವತ್ತಿಗೂ ಅಡುಗೆಮನೆಯಲ್ಲಿ ಸೊಟ್ಟಗೆ ನೇತಾಡುತ್ತಿದೆ.

ಅಣ್ಣ ಆ ಕೈಬರಹದಲ್ಲೇ ಬದುಕು ಕಟ್ಟಿಕೊಂಡ. ಸರ್ಕಾರಿ ಕಚೇರಿಯ ಎದುರಿನ ಉದ್ದ ಜಗಲಿಯಲ್ಲಿ ಅವನದು ಮೊದಲನೇ ಮೇಜು. ಈಗ ಕಂಪ್ಯೂಟರು, ಪ್ರಿಂಟರು ಬಂದಿವೆ, ಆದರೆ ಹಳೆಯ ಟೈಪ್‌ರೈಟರು ಗೌರವಾರ್ಥ ಇನ್ನೂ ಮೇಜಿನ ಮೇಲಿದೆ. ಹಿಂದೆ ಆಳೆತ್ತರದ ಕಬ್ಬಿಣದ ಬೀರು. ಎಲ್ಲರೂ ಅವನನ್ನು ಅರ್ಜಿಯಣ್ಣ ಎನ್ನುತ್ತಾರೆ. ಅವನು ಬರೆದ ಅರ್ಜಿ ತಿರಸ್ಕಾರವಾದದ್ದಿಲ್ಲ ಎಂದು ಅವನೇ ಹೇಳುತ್ತಾನೆ. ಯಾರು ಬಂದರೂ ಅವನ ಮರ್ಜಿ ಕಾಯಬೇಕು.

ಗಂಟಕ್ಕ ಪ್ರತಿ ರಜೆಯಲ್ಲೂ ಆ ಜಗಲಿಗೆ ಹೋಗಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಆ ಕಾಗದದಲ್ಲಿ ಏನು ಬರೆದೆ? ಅರ್ಜಿಯಣ್ಣನಿಗೆ ತಂಗಿಯ ಕಾಲಿನ ಮರ್ಮ ಚೆನ್ನಾಗಿ ಗೊತ್ತಿತ್ತು. ಮೊದಲು ಕಾಫಿ ತರಿಸುತ್ತಿದ್ದ, ಅದಕ್ಕೆ ಹತ್ತು ನಿಮಿಷ. ಅತ್ತಿಗೆಯ ಮಂಡಿನೋವು ವಿವರಿಸುತ್ತಿದ್ದ, ಎರಡೂ ಮಂಡಿ ಸೇರಿ ಹದಿನೈದು ನಿಮಿಷ. ಆಮೇಲೆ ಗಿರಾಕಿ. ಅವಳ ದನಿ ಏರಿ, ಅವನು ಇನ್ನೇನು ಮೂಲೆಗೆ ಸಿಕ್ಕಬೇಕು, ನಲವತ್ತನೇ ನಿಮಿಷ ಬರುತ್ತಿತ್ತು, ಅವಳ ಕಾಲು ಎದ್ದು ನಿಲ್ಲುತ್ತಿದ್ದವು. ಎದ್ದು ನಿಂತವರ ಜಗಳಕ್ಕೆ ಬೆಲೆ ಇಲ್ಲ. "ಸರಿ ಹಾಗಾದ್ರೆ, ಮುಂದಿನ ಸಲ ಮಾತಾಡೋಣ," ಎನ್ನುತ್ತಿದ್ದ ಅಣ್ಣ, ಕೈತೊಳೆದುಕೊಂಡ ಧಾಟಿಯಲ್ಲಿ.

ಲ್ಯಾಬಿನಿಂದ ಬಂದ ಆ ದಿನ ಗಂಟಕ್ಕ ಮಂಚದ ಕೆಳಗಿನಿಂದ ಸುತ್ತಿಗೆಯನ್ನು ತೆಗೆದಳು. ರಜೆಯಲ್ಲಿ ಅದು ಅವಳ ಜೊತೆ ಮನೆಗೆ ಬರುತ್ತದೆ. ಒಂದು ರಜೆಯಲ್ಲಿ ಶಾಲೆಯಲ್ಲೇ ಬಿಟ್ಟಾಗ ಯಾರೋ ಅದರಲ್ಲಿ ಕಲ್ಲು ಒಡೆದು ಹಿಡಿ ಸೀಳಿದ್ದರು. ಮೊಳದುದ್ದದ ಮರದ ಹಿಡಿ, ಕಬ್ಬಿಣದ ತಲೆ. ಅದನ್ನು ನೋಡುತ್ತಾ ಕೂತಳು. ಲೋಟ ಹೊಡೆದ ಮೇಲೆ ಕಾಲು ಸುಮ್ಮನಾಗಿತ್ತಲ್ಲ ಎಂಬುದು ಆಗ ಹೊಳೆಯಿತು. ಕಾಲಿಗೆ ಬೇಕಿದ್ದದ್ದು ಹೋಗುವುದಲ್ಲ, ಹೊಡೆಯುವುದು.

"ಸುತ್ತಿಗೆ ತಗೊಂಡು ಎಲ್ಲಿಗೆ?" ಗಂಡ ಗಾಬರಿಯಾದ.

"ಅಣ್ಣನ ಹತ್ರ. ಬಾಂಧವ್ಯ ವೃದ್ಧಿ ಮಾಡ್ಕೊಳ್ಳೋಕೆ."

"ಅಮ್ಮ, ಸಿಟ್ಟು ಕಡಿಮೆ ಮಾಡ್ಕೋ ಅಂತ ಬರೀಬೇಕಿತ್ತು ಆ ಕಾರ್ಡಲ್ಲಿ," ಅಂದಳು ಔಷಧಿ ಅಂಗಡಿಗೆ ಕೆಲಸಕ್ಕೆ ಹೊರಟಿದ್ದ ಮಗಳು.

"ಎಲ್ಲರೂ ನಂದೇ ಕಾರ್ಡು ಬರೀರಿ! ನಿಮ್ಮ ನಿಮ್ಮ ಕೈಗೆ ಬೇರೆ ಕೆಲಸ ಇಲ್ವಾ?" ಎಂದು ಗಂಟಕ್ಕ ಬಾಗಿಲು ಎಳೆದುಕೊಂಡ ಸದ್ದಿಗೆ ಸೊಟ್ಟ ಸೌಟು ಗೋಡೆಯ ಮೇಲೆ ಅಲ್ಲಾಡಿತು. ಆದರೆ ಮೆಟ್ಟಿಲಿಳಿಯುವಷ್ಟರಲ್ಲಿ ನಾಲ್ಕು ಗಂಟೆ, ಜಗಲಿ ಖಾಲಿಯಾಗುವ ಹೊತ್ತು. ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅವಳು ಅಣ್ಣನ ಎದುರಿನ ಸ್ಟೂಲಿನ ಮೇಲಿದ್ದಳು, ಕಾಲ ಬಳಿ ಬಟ್ಟೆಯ ಚೀಲ.

ಪಕ್ಕದ ಬೆಂಚಿನಲ್ಲಿ ಇಬ್ಬರು ಗಿರಾಕಿಗಳು. ಮನೆಗೆ ನೀರಿನ ನಲ್ಲಿ ಬೇಕೆಂದು ಅರ್ಜಿ ಬರೆಸಲು ಬಂದ ಹೆಂಗಸು ಒಬ್ಬಳು, ಪಿಂಚಣಿಯ ಅರ್ಜಿಗಾಗಿ ಬಂದ ನಿವೃತ್ತ ಪೋಸ್ಟ್‌ಮನ್ ಒಬ್ಬರು.

"ಬಾಮ್ಮ ಬಾ," ಅಂದ ಅರ್ಜಿಯಣ್ಣ, ಗೋಡೆಯ ಗಡಿಯಾರದ ಕಡೆ ಒಂದು ಕಣ್ಣು ಹಾಯಿಸಿ. "ರಜಾನಾ? ಕಾಫಿ ಹೇಳ್ತೀನಿ. ನಿಮ್ಮತ್ತಿಗೆ ಮಂಡಿ..."

"ಆ ಕಾಗದದಲ್ಲಿ ಏನು ಬರೆದೆ?"

"ಶುರುವಾಯ್ತಾ? ನಲವತ್ತು ವರ್ಷದ್ದು ಯಾರಿಗೆ ನೆನಪಿರತ್ತೆ ಮಾರಾಯ್ತಿ? ಮೊದಲು ಕಾಫಿ ಕುಡಿ."

ಕಾಫಿ ಬಂತು. ಮಂಡಿ ಬಂತು. ಎಡಮಂಡಿಯಿಂದ ಬಲಮಂಡಿಗೆ ಹೋಗುವ ಹೊತ್ತಿಗೆ ಗಂಟಕ್ಕ ಹಲ್ಲು ಕಡಿಯುತ್ತಿದ್ದಳು. ಹತ್ತು ನಲವತ್ತಾಯಿತು. ಕಾಲು ಎದ್ದವು. ಅರ್ಜಿಯಣ್ಣ ಮುಗುಳ್ನಕ್ಕ.

"ಸರಿ ಹಾಗಾದ್ರೆ, ಮುಂದಿನ ಸಲ..."

ಗಂಟಕ್ಕ ಚೀಲದಿಂದ ಸುತ್ತಿಗೆ ತೆಗೆದಳು. ಮೇಜು ಬಳಸಿ ಅಣ್ಣನ ಹಿಂದೆ ಹೋದಳು. ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡ. ಅವಳು ಕಬ್ಬಿಣದ ಬೀರುವಿಗೆ ಎರಡು ಏಟು ಹಾಕಿದಳು. ಠಣ್! ಠಣ್! ಜಗಲಿಯ ನಾಲ್ಕೂ ಮೇಜುಗಳಲ್ಲಿ ಅರ್ಜಿಗಳು ನಿಂತವು. ಎದುರಿನ ಕಚೇರಿಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು. ಅಲ್ಲಿ ಯಾವ ಅರ್ಜಿಗೂ ಅಷ್ಟು ಬೇಗ ಯಾರೂ ಎದ್ದು ಬಂದಿರಲಿಲ್ಲ.

"ಎರಡನೇ ಪೀರಿಯಡ್ಡು," ಎಂದು ಗಂಟಕ್ಕ ಬಂದು ಸ್ಟೂಲಿನ ಮೇಲೆ ಕೂತಳು. ಕಾಲು ತೆಪ್ಪಗಿದ್ದವು. "ಆ ಕಾಗದದಲ್ಲಿ ಏನು ಬರೆದೆ?"

ಅರ್ಜಿಯಣ್ಣನ ಮುಗುಳ್ನಗೆ ಮುದುಡಿತು. ಹತ್ತಿರ ಬಾಗಿ, "ಗಿರಾಕಿಗಳಿದಾರೆ ಕಣೆ. ಮರ್ಯಾದೆ ತೆಗೀಬೇಡ," ಅಂದ.

"ನಂದು ಹೋಗಿ ನಲವತ್ತೊಂದು ವರ್ಷ ಆಯ್ತು. ನಿಂದು ಈಗಷ್ಟೇ ಹೊರಟಿದೆ, ಏನವಸರ?"

"ನೋಡಿ ಸಾರ್, ಇವಳಿಗೆ ಓದು ಹತ್ತಲಿಲ್ಲ, ಈಗ ನನ್ನ ತಲೆ ತಿಂತಾಳೆ," ಎಂದು ಅರ್ಜಿಯಣ್ಣ ಪೋಸ್ಟ್‌ಮನ್ನರ ಕಡೆ ತಿರುಗಿದ. "ನಿಮ್ಮದು ಮೊದಲು ಮುಗಿಸೋಣ, ಕೊಡಿ."

"ನಂದೇನು ಅವಸರ ಇಲ್ಲ," ಅಂದರು ಪೋಸ್ಟ್‌ಮನ್ನು, ಬೆಂಚಿನ ಮೇಲೆ ಕಾಲು ಮಡಚಿ ಕೂರುತ್ತಾ. "ಮೂವತ್ತೈದು ವರ್ಷ ಊರಿಗೆಲ್ಲ ಕಾಗದ ಹಂಚಿದೆ. ಒಂದ್ರಲ್ಲೂ ಒಳಗೇನಿದೆ ಅಂತ ಗೊತ್ತಾಗ್ಲಿಲ್ಲ. ಇದೊಂದನ್ನ ಕೇಳೇ ಹೋಗ್ತೀನಿ."

"ನಮ್ಮನೆಗೆ ನೀರಿಲ್ದೆ ಆರು ವರ್ಷ ಆಯ್ತು," ಅಂದಳು ನಲ್ಲಿಯ ಹೆಂಗಸು. "ಇನ್ನರ್ಧ ದಿನದಲ್ಲಿ ಏನು ಬತ್ತಿ ಹೋಗತ್ತೆ? ನೀವು ಕೇಳಿ ಅಕ್ಕ."

ಮೂರನೇ ಪೀರಿಯಡ್ಡಿನಲ್ಲಿ ಅಣ್ಣ ಬೈದ. ಅಪ್ಪ ಅಮ್ಮನ ಆತ್ಮಕ್ಕೆ ಶಾಂತಿ ಇಲ್ಲದ ಹಾಗೆ ಮಾಡ್ತೀಯ ಅಂದ. ಗಂಟಕ್ಕ ಅವನಿಗಿಂತ ಜೋರಾಗಿ ಬೈದಳು. ನಲವತ್ತೊಂದು ವರ್ಷದಿಂದ ಬಾಕಿ ಇದ್ದ ಬೈಗುಳಗಳಲ್ಲಿ ಒಂದೂ ಹಳಸಿರಲಿಲ್ಲ. ಹನ್ನೆರಡು ಗಂಟೆಗೆ ಎದ್ದು ಹನ್ನೆರಡು ಏಟು ಬಾರಿಸಿ, "ಇಂಟರ್ವೆಲ್ಲು. ಹತ್ತು ನಿಮಿಷ. ಹೋಗಿ ಬಾ," ಅಂದಳು. ಅರ್ಜಿಯಣ್ಣ ಶೌಚಾಲಯಕ್ಕೆಂದು ಹೋದವನು ಹಿಂದಿನ ಗೇಟಿನ ಕಡೆ ತಿರುಗಿದನಂತೆ. ಪೋಸ್ಟ್‌ಮನ್ನರು ತೋಳು ಹಿಡಿದು, ತಪ್ಪು ವಿಳಾಸಕ್ಕೆ ಹೊರಟ ಕಾಗದವನ್ನು ವಾಪಸು ತರುವ ಹಾಗೆ ತಂದು ಕೂರಿಸಿದರು.

ನಾಲ್ಕು. ಐದು. ಪಕ್ಕದ ಮೇಜಿನವರು ಊಟದ ಡಬ್ಬಿ ಬಿಚ್ಚಿ ಇತ್ತ ಮುಖ ಮಾಡಿ ಕೂತಿದ್ದರು. ಆರನೇ ಪೀರಿಯಡ್ಡು ಶುರುವಾಗುವಷ್ಟರಲ್ಲಿ ಗಂಟಕ್ಕನ ಗಂಟಲು ಕಟ್ಟಿ, ಬೈಗುಳವೆಲ್ಲ ಬರಿದಾಗಿ ಪ್ರಶ್ನೆ ಮಾತ್ರ ಉಳಿದಿತ್ತು. ಅದನ್ನೇ ಮೆಲ್ಲಗೆ ಕೇಳಿದಳು. ಅಣ್ಣ ಗಡಿಯಾರ ನೋಡಿದ. ಇವಳು ಏಳುವುದಿಲ್ಲ. ಅದು ಅವನಿಗೆ ಆಗ ಅರ್ಥವಾಯಿತೆಂದು ತೋರುತ್ತದೆ. ಕನ್ನಡಕ ತೆಗೆದು ಟೈಪ್‌ರೈಟರಿನ ಮೇಲಿಟ್ಟ.

"ಪತ್ರ ಬರೆಯೋದು ಹೇಗೆ ಅಂತ ಒಂದು ಪುಸ್ತಕ ಇತ್ತು, ಸ್ನೇಹಿತಂದು. ಅದ್ರಲ್ಲಿ ನೋಡ್ಕೊಂಡು ಬರೆದೆ."

"ಏನು ಬರೆದೆ?"

"ರಜಾ ಅರ್ಜಿ ಮೂರೇ ಸಾಲಿತ್ತು ಕಣೆ." ಅವನ ದನಿ ಹದಿನಾಲ್ಕು ವರ್ಷದ ಹುಡುಗನ ಹಾಗೆ ಕೀರಲಾಯಿತು. "ಮೂರೇ ಸಾಲು ಓದಿ ಹೇಳಿದ್ರೆ ಅಪ್ಪ ಏನಂದ್ಕೋತಾನೆ? ಇಷ್ಟು ಓದ್ಸಿದ್ದಕ್ಕೆ ಇಷ್ಟೇನಾ ಅಂತಾನೆ. ಅದರ ಪಕ್ಕದ ಪುಟದಲ್ಲಿ ಇನ್ನೊಂದಿತ್ತು. ಪುಟ ತುಂಬಾ. ಅನಿವಾರ್ಯ ಕೌಟುಂಬಿಕ ಕಾರಣಗಳಿಂದಾಗಿ, ತಮ್ಮ ಅಮೂಲ್ಯ ಮಾರ್ಗದರ್ಶನದಿಂದ ವಂಚಿತಳಾಗಿ, ಅಂತೆಲ್ಲ... ಚೆನ್ನಾಗಿತ್ತು. ಅದನ್ನೇ ಇಳಿಸ್ದೆ."

"ಅದು ಯಾವುದರ ಅರ್ಜಿ?"

"ಶಾಲೆ ಬಿಡೋದಕ್ಕೆ. ಬಿಡುಗಡೆ ಪತ್ರ ಕೊಡಿ ಅಂತ."

ಜಗಲಿಯಲ್ಲಿ ಯಾರೂ ಅಗಿಯಲಿಲ್ಲ.

"ಗೊತ್ತಿದ್ದೂ ಬರೆದ್ಯಾ?"

"ಇಲ್ಲ! ನಿನ್ನಾಣೆ. ಎರಡೂ ಒಂದೇ ಅಂದ್ಕೊಂಡಿದ್ದೆ. ಅಪ್ಪ ಕೇಳಿ ಅತ್ತುಬಿಟ್ಟ, ನನ್ನ ಮಗ ಲಾಯರ್ ಥರ ಬರೀತಾನೆ ಅಂತ. ಗೋದಾಮಿನವರನ್ನೆಲ್ಲ ಕರೆದು ಮತ್ತೆ ಓದಿಸ್ದ. ಆಮೇಲೆ ಶಾಲೆಯವ್ರು ಬಿಡುಗಡೆ ಪತ್ರ ಕೈಗೆ ಕೊಟ್ಟಾಗ್ಲೇ ಗೊತ್ತಾಗಿದ್ದು. ಅಷ್ಟು ಹೊಗಳಿಸ್ಕೊಂಡ್ಮೇಲೆ ತಪ್ಪಾಯ್ತು ಅಂತ ಹೇಗೆ ಹೇಳ್ಲಿ?"

ಅವನು ಎದ್ದು, ಏಟು ತಿಂದು ತಿಂದು ತಗ್ಗು ಬಿದ್ದಿದ್ದ ಬೀರು ತೆರೆದು, ಕೆಳಗಿನ ಕಪಾಟಿನಿಂದ ಒಂದು ರಟ್ಟಿನ ಫೈಲು ತೆಗೆದ. ಜೀವಮಾನದಲ್ಲಿ ಒಂದು ಕಾಗದ ಎಸೆದವನಲ್ಲ. ಮಾಸಿದ ಬಿಡುಗಡೆ ಪತ್ರವನ್ನು ಮೇಜಿನ ಮೇಲೆ ಇಟ್ಟ. ಗಂಟಕ್ಕ ಬೆರಳಿಟ್ಟು ಓದಿದಳು. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ಗಣಿತ: ಅತ್ಯುತ್ತಮ. ನಡತೆ: ತೃಪ್ತಿಕರ.

"ತೃಪ್ತಿಕರ," ಅಂದಳು. "ಯಾರಿಗೆ ಕಣೋ ತೃಪ್ತಿ?"

ಅಣ್ಣ ಖಾಲಿ ಫೈಲಿನ ದಾರ ಕಟ್ಟತೊಡಗಿದ.

"ತಪ್ಪಾಯ್ತು, ಸರಿ. ಹದಿನಾಲ್ಕು ವರ್ಷಕ್ಕೆ ಯಾರೂ ಮಾಡೋದೇ. ಮತ್ತೆ ಸೇರಿಸ್ಕೊಳ್ಳಿ ಅಂತ ಬರೆಯೋಕೆ ಆ ಪುಸ್ತಕದಲ್ಲಿ ಅರ್ಜಿ ಇರ್ಲಿಲ್ವಾ?"

ಅವನು ಮೇಜನ್ನೇ ನೋಡುತ್ತಿದ್ದ. "ಇತ್ತು. ಎರಡು ಪುಟ ಆದ್ಮೇಲೆ."

ಗಂಟಕ್ಕ ಎದ್ದು ನಿಂತಳು. ನಲವತ್ತು ನಿಮಿಷವಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಗಡಿಯಾರ ಹೇಳದೆ ಎದ್ದದ್ದು.

"ದಿನಕ್ಕೆ ಮೂವತ್ತು ಜನಕ್ಕೆ ಬರೀತೀಯಲ್ಲೋ! ನಲ್ಲಿಗೆ ಬರೀತೀಯ, ಚರಂಡಿಗೆ ಬರೀತೀಯ, ಬೀದಿನಾಯಿ ಹಿಡ್ಕೊಂಡು ಹೋಗಿ ಅಂತ ಬರೀತೀಯ. ನಂಗೆ ಒಂದು, ಒಂದೇ ಒಂದು ಬರೀಲಿಲ್ಲ! ನನ್ನ ತಲೇಲಿ ಏನೂ ಇಲ್ಲ ಅಂತ ಊರೆಲ್ಲ ಹೇಳಿದೆ. ನನ್ನ ಮಗಳಿಗೂ ಹೇಳಿದೆ. ನಿನ್ನ ಅಕ್ಷರ ಚೆನ್ನಾಗಿರ್ಲಿ ಅಂತ ನನ್ನ ಅಕ್ಷರ ತೆಗೆದ್ಯಲ್ಲೋ!"

ಸುತ್ತಿಗೆ ಅವಳ ಕೈಯಲ್ಲಿತ್ತು. ಎಲ್ಲರೂ ಸುತ್ತಿಗೆಯನ್ನೇ ನೋಡುತ್ತಿದ್ದರು. ಅವಳು ಅದನ್ನು ಚೀಲಕ್ಕೆ ಹಾಕಿ, ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿದಳು.

"ಬರಿ. ಕೈಯಲ್ಲಿ ಬರಿ. ನನ್ನ ತಂಗಿ ತಾನಾಗಿ ಶಾಲೆ ಬಿಡಲಿಲ್ಲ. ನಾನು ತಪ್ಪು ಅರ್ಜಿ ಬರೆದೆ. ಗೊತ್ತಾದ ಮೇಲೂ ಸುಮ್ಮನಿದ್ದೆ."

ಅರ್ಜಿಯಣ್ಣ ಪೆನ್ನು ತೆಗೆದ. ಅಭ್ಯಾಸಬಲದಿಂದ ಮೇಲೆ 'ಮಾನ್ಯರೇ' ಎಂದು ಬರೆದು, "ವಿಷಯ: ತಮ್ಮ ಘನ ಅವಗಾಹನೆಗೆ..." ಎಂದು ಶುರು ಮಾಡಿದ.

"ಮೂರೇ ಸಾಲು," ಅಂದಳು ಗಂಟಕ್ಕ. "ಉದ್ದ ಬರೆದ್ರೆ ನೋಡು."

ಮೂರು ಸಾಲು ಬರೆದು, ಕೆಳಗೆ ಸಹಿ ಹಾಕಿದ. ಸಾಕ್ಷಿ ಎಂದು ಪೋಸ್ಟ್‌ಮನ್ನರು ಸಹಿ ಹಾಕಿದರು, ನಲ್ಲಿಯ ಹೆಂಗಸು ಸಹಿ ಹಾಕಿದಳು. ಗಂಟಕ್ಕ ಎರಡೂ ಕಾಗದ ಮಡಚಿ ಚೀಲಕ್ಕೆ ಹಾಕಿಕೊಳ್ಳುವಾಗ ಅಣ್ಣ ಕಣ್ಣೊರೆಸಿಕೊಂಡು, "ಈಗೇನು ಕಾಲ ಮಿಂಚಿಲ್ಲ. ಹತ್ತನೇ ಕ್ಲಾಸು ಮನೇಲೇ ಓದ್ಕೊಂಡು ಕಟ್ಬಹುದು. ನಾನೇ ಅರ್ಜಿ ಬರೆದುಕೊ..." ಅಂದವನು, ತಂಗಿಯ ಮುಖ ನೋಡಿ ಉಳಿದ ಅಕ್ಷರಗಳನ್ನು ನುಂಗಿಕೊಂಡ.

ಸಂಜೆ ಮಗಳು ಕಾಗದ ಓದಿದಳು. ಎರಡು ಸಲ ಓದಿದಳು. ಆಮೇಲೆ ಬಿಡುಗಡೆ ಪತ್ರ ಓದಿ, "ಗಣಿತ ಅತ್ಯುತ್ತಮ," ಎಂದು ಮೆಲ್ಲಗೆ ಅಂದಳು. "ಅಮ್ಮ, ನಾನು ಎಷ್ಟು ಸಲ ನಿಂಗೆ ಲೆಕ್ಕ ಬರಲ್ಲ ಅಂತ..." ಗಂಡ ಅಡುಗೆಮನೆಗೆ ಹೋಗಿ, ಸೊಟ್ಟ ಸೌಟನ್ನು ಗೋಡೆಯಿಂದ ತೆಗೆದು, ಮಂಡಿಗೆ ಒತ್ತಿ ನೆಟ್ಟಗೆ ಮಾಡಲು ನೋಡಿದ. ಆಗಲಿಲ್ಲ. ಹಾಗೇ ತೂಗುಹಾಕಿ ಬಂದ.

"ಸಿಟ್ಟು ಇಳೀತಾ?"

"ಇಲ್ಲ. ನೀವು ಇಳಿಸೋ ಲಿಫ್ಟಲ್ಲ ಅದು," ಅಂದಳು ಗಂಟಕ್ಕ. ಆದರೂ ಆ ರಜೆಯಲ್ಲಿ ಒಂದು ಪೂರ್ತಿ ಸಿನಿಮಾ ನೋಡಿದಳು. ನಾಯಕಿಗೆ ಬಂದ ಕಷ್ಟ ಅವಳಿಗೆ ಅಷ್ಟೇನೂ ದೊಡ್ಡದೆನಿಸಲಿಲ್ಲ.

ಶಾಲೆ ತೆರೆಯಿತು. ಅಷ್ಟರಲ್ಲಿ ಪೋಸ್ಟ್‌ಮನ್ನರು, ನಿವೃತ್ತಿಯಾದರೂ ಬಟವಾಡೆ ಬಿಡದವರು, ಅದೇ ಶಾಲೆಯಲ್ಲಿ ಓದುತ್ತಿದ್ದ ಮೊಮ್ಮಗಳ ಮೂಲಕ ಸುದ್ದಿಯನ್ನು ಹೆಡ್‌ಮಿಸ್ಸಿಗೆ ಮುಟ್ಟಿಸಿದ್ದರು. ಸ್ಟೇಜಿನ ಮೇಲೆ ಮೈಕು, ಕೆಳಗೆ ಆರುನೂರು ಮಕ್ಕಳು. ಡ್ರಾಯಿಂಗ್ ಮೇಷ್ಟ್ರು ಐವತ್ತರಲ್ಲಿ ಹನ್ನೊಂದು ಚಿತ್ರ ತೋರಿಸಿದರು. ಗುಮಾಸ್ತ ತೂಕದ ವಿಷಯ ಎತ್ತದೆ ಇಳಿದ. ಗಂಟಕ್ಕನ ಸರದಿ ಬಂತು. ಅವಳು ಹೆಡ್‌ಮಿಸ್ಸು ಬರೆದ ಕಾರ್ಡನ್ನು ಬದಿಗಿಟ್ಟು, ಮೊದಲನೆಯದನ್ನು, ತಾನೇ ಬರೆದದ್ದನ್ನು, ಓದಿದಳು. ಅಣ್ಣನ ಜೊತೆ ಜಗಳ ಮುಗಿಸುವುದು. ಎದ್ದು ಹೋಗದೆ ಕೂರುವುದು. ಅವನು ಬಾಯಿಬಿಟ್ಟು ಹೇಳಿದಾಗ. "ಹೇಳಿದ," ಎಂದು ಸೇರಿಸಿ, ಇಳಿಯಲು ಹೊರಟಳು.

ಹೆಡ್‌ಮಿಸ್ಸು ಬಿಡಲಿಲ್ಲ. ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿಕೊಂಡು, ಇಡೀ ಕತೆಯನ್ನು ಮಕ್ಕಳಿಗೆ ಹೇಳಿದರು. ಹಿಂದಿನ ಸಾಲಿನ ಮಕ್ಕಳು ಕೂಡ ಪಿಸುಗುಟ್ಟುವುದನ್ನು ನಿಲ್ಲಿಸಿದರು. ಆಮೇಲೆ ಹೆಡ್‌ಮಿಸ್ಸು ಫೈಲಿನಿಂದ ಶಾಲೆಗೆ ಸೇರುವ ಫಾರಂ ಒಂದನ್ನು ತೆಗೆದು ಮೇಲೆತ್ತಿ ಹಿಡಿದರು. ದುಂಡಕ್ಷರದಲ್ಲಿ ಪೂರ್ತಿ ತುಂಬಿಯಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

"ಇವರಿಗೋಸ್ಕರ ನಾನೇ ಬರೆದಿಟ್ಟಿದೀನಿ!" ಅಂದರು. ಗಂಟಕ್ಕನ ಕಿವಿಯ ತುದಿ ಮತ್ತೆ ಕಾದದ್ದನ್ನು ಮುಂದಿನ ಸಾಲಿನ ಮಕ್ಕಳು ಮಾತ್ರ ಕಂಡರು. "ಹೇಳಿ, ನಲವತ್ತೊಂದು ವರ್ಷ ಆದ್ಮೇಲೆ ಮತ್ತೆ ಓದ್ತೀರಾ? ಈ ಮಕ್ಕಳ ಜೊತೆ ಕ್ಲಾಸಲ್ಲಿ ಕೂರ್ತೀರಾ?"

ಮೈಕು ಗಂಟಕ್ಕನ ಬಾಯಿಯ ಹತ್ತಿರ ಬಂತು. ಆರುನೂರು ಮಕ್ಕಳು ಉಸಿರು ಬಿಗಿಹಿಡಿದರು. ಶಿಕ್ಷಕರು ಚಪ್ಪಾಳೆಗೆ ಕೈ ಸಿದ್ಧಮಾಡಿಕೊಂಡರು.

"ಬೇಡ ಮಿಸ್," ಅಂದಳು ಗಂಟಕ್ಕ. "ಇಪ್ಪತ್ತೆರಡು ವರ್ಷದಿಂದ ವರಾಂಡದಲ್ಲಿ ಕೂತು ಎಲ್ಲಾ ಕ್ಲಾಸೂ ಕೇಳಿಸ್ಕೊಂಡಿದೀನಿ. ಅಷ್ಟೇನೂ ಚೆನ್ನಾಗಿಲ್ಲ."